ಜೋಳದ ಹೊಲ, ತೋಳದ ನೆಲ

(ರಾಯಚೂರು ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟದ ಮಾತಿನಿಂದಲೇ ಶುರು ಮಾಡುತ್ತೇನೆ. ಇವತ್ತು ಮಧ್ಯಾಹ್ನ ನಿಮ್ಮ ಹಾಸ್ಟೆಲಿನಲ್ಲೇ ನನಗೂ ಊಟ ಆಯಿತು. ಅನ್ನ, ಸಾರು, ಬದನೆಕಾಯಿ ಪಲ್ಯ, ಮಜ್ಜಿಗೆ. ರುಚಿಯಾಗಿತ್ತು. ಬಡಿಸುತ್ತಿದ್ದ ಅಮ್ಮನವರನ್ನು "ರೊಟ್ಟಿ ಮಾಡೋದಿಲ್ಲೇನ್ರೀ?" ಅಂತ ಕೇಳಿದೆ. "ಮುನ್ನೂರು ಹುಡುಗ್ರಿಗೆ ರೊಟ್ಟಿ ಯಾರು ಬಡೀಬೇಕ್ರೀ ಸರ?" ಅಂದರು. ಆ ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಈ ವೇದಿಕೆಗೆ ಬಂದಿದ್ದೇನೆ.

ನಿಮ್ಮ ಮನೆಯ ಹಿರಿಯರು ಒಂದು ಮಾತು ಹೇಳಿರುತ್ತಾರೆ: ಅಕ್ಕಿ ತಿಂದವ ಹಕ್ಕಿಯಂತೆ, ಜೋಳ ತಿಂದವ ತೋಳದಂತೆ. ಅವರು ಹೇಳಿದ್ದು ಮೈಯ ಕಸುವಿನ ಬಗ್ಗೆ. ನಾನು ಇವತ್ತು ಆ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತೇನೆ. ಜೋಳಕ್ಕೂ ತೋಳಕ್ಕೂ ನಿಜವಾದ ನಂಟಿದೆ. ಅನ್ನಕ್ಕೂ ಒಂದು ಹಕ್ಕಿಗೂ ನಂಟಿದೆ, ಅದು ಆ ಹಕ್ಕಿಯ ಪಾಲಿಗೆ ಕೆಟ್ಟ ನಂಟು. ನಾವು ತಟ್ಟೆಯಲ್ಲಿ ಏನು ಹಾಕಿಕೊಳ್ಳುತ್ತೇವೆ ಎನ್ನುವುದು ನಮ್ಮ ಊರಿನ ಸುತ್ತಲ ನೆಲದ ರೂಪವನ್ನೇ ಬದಲಿಸಿದೆ. ಇದೇ ಜಿಲ್ಲೆಗಳಲ್ಲಿ, ನಮ್ಮ ಅಜ್ಜಂದಿರ ಕಾಲದಿಂದ ನಮ್ಮ ಕಾಲದೊಳಗೆ, ಅದು ಆಗಿಹೋಗಿದೆ.

'ವನ್ಯಜೀವಿ' ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಂಡೀಪುರ, ನಾಗರಹೊಳೆ ಬರುತ್ತವೆ. ಹಸಿರು ಕಾಡು, ಆನೆ, ಹುಲಿ. ನಮ್ಮದು ಬಯಲುಸೀಮೆ, ಇಲ್ಲಿ ಕಾಡೇ ಇಲ್ಲ, ಹಾಗಾಗಿ ಕಾಡುಪ್ರಾಣಿಯ ಮಾತು ನಮಗೆ ಸಂಬಂಧಪಟ್ಟದ್ದಲ್ಲ ಅಂತ ನಾನೂ ನಿಮ್ಮ ವಯಸ್ಸಿನಲ್ಲಿ ನಂಬಿದ್ದೆ. ಸರ್ಕಾರದ ಕಾಗದಗಳೂ ಹಾಗೇ ನಂಬಿಸುತ್ತವೆ. ಹುಲ್ಲು ಬೆಳೆಯುವ ಬಯಲಿಗೆ ಕಂದಾಯ ದಾಖಲೆಯಲ್ಲಿ ಖರಾಬು, ಬಂಜರು, ಪಾಳು ಎಂಬ ಹೆಸರುಗಳು. ಊರ ದನಕರು ಮೇಯುವ ಗಾಯರಾಣ ಅಂದರೆ ಯಾವ ಯೋಜನೆ ಬಂದರೂ ಮೊದಲು ಕೈಗೆ ಸಿಗುವ ಜಾಗ. ಆದರೆ ಆ 'ಪಾಳು' ನೆಲದಲ್ಲಿ, ಅದರ ಪಕ್ಕದ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ತೋಳ, ಗುಳ್ಳೆನರಿ, ಚಿಗರಿ ಅಂದರೆ ಕೃಷ್ಣಮೃಗ, ಗೌಜಿಗ, ಪುರಲೆ, ಬಾನಾಡಿ ಹಕ್ಕಿಗಳು, ಇವೆಲ್ಲ ಮನುಷ್ಯನ ಒಕ್ಕಲುತನದ ಜೊತೆಗೇ ಬದುಕಿಕೊಂಡು ಬಂದಿವೆ. ಇವುಗಳಿಗೆ ದಟ್ಟ ಕಾಡು ಬೇಡ. ಬೇಕಾದದ್ದು ಬಯಲು, ದೂರದವರೆಗೆ ಕಣ್ಣು ಹಾಯುವ ನೆಲ.

ಆ ಬಯಲಿನ ದೊರೆ ಎರೆಭೂತ ಎಂಬ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕೆಲವು ಊರುಗಳಲ್ಲಿ ಎರ್ಲಡ್ಡು ಅಂತಾರೆ, ಹಾವೇರಿ ಕಡೆ ದೊರವಾಯನ ಹಕ್ಕಿ. ಗಂಡು ಹಕ್ಕಿ 15 ಕೆ.ಜಿ.ವರೆಗೆ ತೂಗುತ್ತದೆ, ಒಂದು ಮೀಟರ್ ಎತ್ತರ ನಿಲ್ಲುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ತೂಕದವುಗಳ ಸಾಲಿಗೆ ಸೇರಿದ್ದು. ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರಿಹಣ್ಣು, ಶೇಂಗಾ, ಕಾಳು, ಎಲ್ಲವನ್ನೂ ತಿನ್ನುತ್ತದೆ. ದೇಶದ ರಾಷ್ಟ್ರಪಕ್ಷಿಯನ್ನು ಆರಿಸುವಾಗ ಪಕ್ಷಿತಜ್ಞ ಸಲೀಂ ಅಲಿಯವರು ಸೂಚಿಸಿದ್ದು ಇದೇ ಹಕ್ಕಿಯನ್ನು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 1969ರಲ್ಲಿ ಭಾರತದಲ್ಲಿ ಸುಮಾರು 1,260 ಎರೆಭೂತಗಳಿವೆ ಎಂಬ ಅಂದಾಜಿತ್ತು. ಈಗ ಇಡೀ ಜಗತ್ತಿನಲ್ಲಿ 150ರ ಆಸುಪಾಸು, ಅದರಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿ. ಕರ್ನಾಟಕದಲ್ಲಿ ಇವು ಕಾಣಿಸಿಕೊಂಡ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆ ಬಯಲು. ಇಲ್ಲಿಂದ ಬಸ್ಸಿನಲ್ಲಿ ಹೋದರೆ ಮಧ್ಯಾಹ್ನದೊಳಗೆ ಮುಟ್ಟುವ ಜಾಗ. ಅಲ್ಲಿ ಉಳಿದವನ್ನು ಎಣಿಸಲು ಎರಡು ಕೈಯ ಬೆರಳು ಸಾಕು.

ಈ ಹಕ್ಕಿಗೆ ಬೇಟೆಗಾರರು ಕಾಟ ಕೊಟ್ಟರು, ವಿದ್ಯುತ್ ತಂತಿಗಳು ಈಗ ಕೊಲ್ಲುತ್ತಿವೆ. ಅದರ ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಎದುರಿನ ತಂತಿ ಬೇಗ ಕಾಣುವುದಿಲ್ಲ, ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗುವುದಿಲ್ಲ. ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2021ರಲ್ಲಿ ಆದೇಶವೂ ಆಯಿತು, ನೀವು ಓದಿರಬಹುದು. ಆದರೆ ತಂತಿ ಬರುವುದಕ್ಕೂ ಮೊದಲೇ ನಮ್ಮ ಕಡೆ ಅದರ ಮನೆ ಹೋಗಿತ್ತು. ಆ ಮನೆಗೆ ಜೋಳದ ಹೊಲ ಅಂತ ಹೆಸರು.

ನಾನು ಹುಟ್ಟಿದ ಹಳ್ಳಿ ಸಿಂಧನೂರು ತಾಲ್ಲೂಕಿನದು. ಕಾಲುವೆ ನೀರು ನಮ್ಮೂರಿಗೆ ಅರ್ಧ ಮಾತ್ರ ಮುಟ್ಟುತ್ತಿತ್ತು. ಊರ ಪಡುವಣ ಹೊಲಗಳಿಗೆ ಉಪಕಾಲುವೆಯ ನೀರು, ಮೂಡಣ ದಿಕ್ಕಿನ ಎರೆಗೆ ಮಳೆಯೇ ಗತಿ. ಹೀಗಾಗಿ ಒಂದೇ ಊರಲ್ಲಿ ನಿಂತು ಎರಡು ಲೋಕ ನೋಡುವ ಅವಕಾಶ ನನಗೆ ಸಿಕ್ಕಿತು.

ಮೂಡಣದ ಎರೆಯಲ್ಲಿ ಹಿಂಗಾರಿ ಜೋಳ. ಮಾಲದಂಡಿ ಎಂಬ ತಳಿ. ಕೃಷಿ ಓದುವವರಿಗೆ ಇದು ಎಂ 35-1 ಅಂತ ಗೊತ್ತಿರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಹೊಲವನ್ನು ಕುಂಟೆ ಹೊಡೆದು ಹರಗಿ ಹಾಗೇ ಬಿಡುತ್ತಿದ್ದರು, ಮಳೆ ನೀರು ಕುಡಿಯಲಿ ಅಂತ. ಎರೆ ಮಣ್ಣು ಕುಡಿದ ನೀರನ್ನು ಒಳಗೇ ಹಿಡಿದುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೂರಿಗೆ ಹೂಡಿ ಬಿತ್ತಿದರೆ ಆಮೇಲೆ ಮಳೆ ಬರಲಿ ಬಿಡಲಿ, ಚಳಿಗಾಲದ ಇಬ್ಬನಿಯಲ್ಲಿ ಜೋಳ ತೆನೆಗಟ್ಟುತ್ತದೆ. ನಡುವೆ ಕಡಲೆಯ ಸಾಲು, ಬದುವಿನ ಸುತ್ತ ದನ ನುಗ್ಗದಂತೆ ಮುಳ್ಳಿನ ಕುಸುಬಿ. ಫೆಬ್ರುವರಿಯಲ್ಲಿ ಸುಗ್ಗಿ. ಆಮೇಲೆ ಹೊಲ ಖಾಲಿ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಆ ನೆಲ ತೆರೆದ ಬಯಲು. ಮೊಟ್ಟೆ ಇಡಲು, ಕೂಳೆಯ ನಡುವೆ ಮಿಡತೆ ಹಿಡಿಯಲು, ಗಂಡು ಹಕ್ಕಿ ಕುತ್ತಿಗೆ ಉಬ್ಬಿಸಿ ಹೆಣ್ಣನ್ನು ಕರೆಯಲು ಎರೆಭೂತಕ್ಕೆ ಬೇಕಾದ ಜಾಗವೇ ಅದು. ಕೀಟನಾಶಕ ಹೊಡೆಯುವಷ್ಟು ದುಡ್ಡು ಆ ಬೆಳೆಯಿಂದ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಹುಳುಹುಪ್ಪಟೆ ಇತ್ತು, ಹುಳುವಿನ ಹಿಂದೆ ಹಕ್ಕಿ ಇತ್ತು. ಬಣವೆಯ ಬುಡದಲ್ಲಿ ಇಲಿ, ಇಲಿಯ ಹಿಂದೆ ಗುಳ್ಳೆನರಿ.

ಸುಗ್ಗಿ ಮುಗಿದ ಮೇಲೆ ಕುರುಬರ ಮಂದೆಗಳು ಬರುತ್ತಿದ್ದವು. ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಹಿಕ್ಕೆಯ ಗೊಬ್ಬರ, ಕುರಿಗೆ ಮೇವು, ಕುರುಬರಿಗೆ ಹೊಲದವರಿಂದ ಕಾಳು. ಮಂದೆಯ ಹಿಂದೆ ತೋಳ ಬರುತ್ತಿತ್ತು. ಜೋಳದ ಹೊಲವಿದ್ದಲ್ಲಿ ಕುರಿ, ಕುರಿ ಇದ್ದಲ್ಲಿ ತೋಳ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿದವೂ ಸಡಿಲವಾಗುತ್ತವೆ. ಕೊಪ್ಪಳದ ಬಯಲಿನಲ್ಲಿ ನನಗೆ ಸಿಕ್ಕ ಒಬ್ಬ ಹಿರಿಯ ಕುರಿಗಾಹಿ, ಹಿಂದಿನ ವಾರವಷ್ಟೇ ಎರಡು ಮರಿ ಕಳೆದುಕೊಂಡವರು, "ತ್ವಾಳಕ್ಕ ಅಷ್ಟು ಪಾಲು ಇಟ್ಟಾನ್ರಿ ದೇವ್ರು, ಸಿಟ್ಟು ಬರ್ತೈತಿ, ಆದ್ರ ಅದೇನು ಅಂಗಡ್ಯಾಗ ಕೊಂಡು ತಿಂತೈತೇನು" ಅಂದರು. ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮ ಆಗಿದೆ. ತೋಳಕ್ಕೆಂದೇ ಒಂದು ಧಾಮ ನಮ್ಮ ರಾಜ್ಯದಲ್ಲಿ ಇದೇ ಮೊದಲು. ಸಂತೋಷದ ಸಂಗತಿ. ಆದರೆ ತೋಳ ಧಾಮದ ಬೇಲಿಯೊಳಗೆ ಕುಳಿತಿರುವ ಪ್ರಾಣಿಯಲ್ಲ, ರಾತ್ರಿಯೊಂದರಲ್ಲೇ ಹತ್ತಾರು ಕಿಲೋಮೀಟರ್ ನಡೆಯುತ್ತದೆ. ಧಾಮದ ಆಚೆ ಅದಕ್ಕೆ ಸಿಗುವುದು ನಮ್ಮ ಹೊಲಗಳು.

ಎಳ್ಳಮಾಸಿಯ ದಿನ ನಮ್ಮೂರಿನವರೆಲ್ಲ ಬಂಡಿ ಹೂಡಿಕೊಂಡು ಇದೇ ಎರೆ ಹೊಲಕ್ಕೆ ಹೋಗುತ್ತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಾವು ಉಣ್ಣುವ ಮೊದಲು ಅಜ್ಜ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಿದ್ದ. ಬೆಳೆದು ನಿಂತ ಜೋಳದ ನಡುವೆ ಅನ್ನ, ಕಡಬು, ಪಲ್ಯ ಎರಚುವುದು. ಭೂಮಿತಾಯಿಗೆ ಅಂತ ಹೇಳಿ ಎರಚಿದರೂ ತಿನ್ನುವುದು ಹಕ್ಕಿ, ಇರುವೆ, ಇಲಿ. ಅಜ್ಜನಿಗೆ ಅದು ಗೊತ್ತಿತ್ತು. ಮರುದಿನ ಅದೇ ಹಕ್ಕಿಗಳನ್ನು ಓಡಿಸಲು ಅಟ್ಟದ ಮೇಲೆ ಕವಣೆ ಹಿಡಿದು ಕೂರುತ್ತಿದ್ದವನೂ ಅವನೇ. ಅವನೊಮ್ಮೆ ಎರೆಭೂತ ನೋಡಿದ ಕಥೆ ಹೇಳುತ್ತಿದ್ದ: ಹರಗಿದ ಹೊಲದ ನಡುವೆ ಯಾರೋ ಬಿಳಿ ಅಂಗಿಯ ಮನುಷ್ಯ ನಿಂತಿದ್ದಾನೆ ಅಂದುಕೊಂಡು ಹತ್ತಿರ ಹೋದರೆ ಆ ಮನುಷ್ಯ ರೆಕ್ಕೆ ಬಿಚ್ಚಿ ಎದ್ದುಹೋದ ಅಂತ. ನಾನು ನೋಡಲಿಲ್ಲ. ನಮ್ಮ ಸಣ್ಣಪ್ಪನೂ ನೋಡಲಿಲ್ಲ.

ಇನ್ನು ಪಡುವಣದ ಕಥೆ. ಇದನ್ನು ಹೇಳುವಾಗ ಎಚ್ಚರಿಕೆ ಬೇಕು. ಕಾಲುವೆ ಬಂದದ್ದು ದುರಾಸೆಯಿಂದಲ್ಲ, ಹಸಿವಿನಿಂದ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆ ಕಂಡ ಸಾವುಗಳ ನೆನಪು ಮುಂದಿನ ಎಷ್ಟೋ ತಲೆಮಾರುಗಳಿಗೆ ಉಳಿಯಿತು. ತುಂಗಭದ್ರೆಗೆ ಅಣೆಕಟ್ಟು ಬೇಕು ಎಂಬ ಕೂಗಿನ ಹಿಂದೆ ಆ ಬರಗಳಿದ್ದವು. 1945ರಲ್ಲಿ ಕೆಲಸ ಶುರುವಾಗಿ 1953ಕ್ಕೆ ಹೊಸಪೇಟೆಯ ಬಳಿ ಜಲಾಶಯ ತುಂಬಿತು. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿನ ಕಡೆ ಹರಿಯಿತು. ಈ ಸಭಾಂಗಣದಲ್ಲಿ ಕೂತ ಎಷ್ಟೋ ಮಂದಿಯ ಓದಿನ ಖರ್ಚು ಆ ನೀರಿನಿಂದ ಬಂದಿದೆ. ನನ್ನದೂ ಅಷ್ಟೇ.

ಆದರೆ ಯೋಜನೆ ಮಾಡಿದವರ ಲೆಕ್ಕ ಬೇರೆಯಿತ್ತು. ಎಡದಂಡೆಯ ಬಹುಪಾಲು ನೆಲಕ್ಕೆ ಅವರು ಗೊತ್ತು ಮಾಡಿದ್ದು ಅರೆ ನೀರಾವರಿ: ಜೋಳ, ಶೇಂಗಾ, ಹತ್ತಿಯಂಥ ಬೆಳೆಗೆ ಮಳೆ ಕೈಕೊಟ್ಟಾಗ ಒಂದೆರಡು ಸಲ ನೀರು, ಆ ಮೂಲಕ ಹೆಚ್ಚು ಊರುಗಳಿಗೆ ಬರದಿಂದ ರಕ್ಷಣೆ. ಭತ್ತಕ್ಕೆ ಸಣ್ಣ ಪಾಲು ಮಾತ್ರ. ನಡೆದದ್ದು ತಿರುವುಮುರುವು. ಕರಾವಳಿ ಆಂಧ್ರದ ಕಡೆಯಿಂದ ಭತ್ತದ ಕಸುಬು ಬಲ್ಲ ಕುಟುಂಬಗಳು ಬಂದು ನೆಲೆಸಿದವು, ಊರೂರಿಗೆ 'ಕ್ಯಾಂಪ್'ಗಳು ಹುಟ್ಟಿದವು. ಅವರ ದುಡಿಮೆ ನೋಡಿ ನಮ್ಮವರೂ ಕಲಿತರು. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು, ಕೊನೆ ಭಾಗದವರು ನೀರಿಗಾಗಿ ಪ್ರತಿ ವರ್ಷ ರಸ್ತೆ ತಡೆ ಮಾಡುವ ಹಾಗಾಯಿತು. ಗಂಗಾವತಿ 'ಭತ್ತದ ಕಣಜ' ಎಂದು ಹೆಸರಾಯಿತು. ಇಲ್ಲಿಯ ಸೋನಾ ಮಸೂರಿ ಬೆಂಗಳೂರಿನ ಮನೆಗಳಿಗೆ ಹೋಯಿತು. ಈಗ ಅಮೆರಿಕದ ಕನ್ನಡಿಗರೂ ಚೀಲದ ಮೇಲೆ ಸೋನಾ ಮಸೂರಿ ಎಂಬ ಹೆಸರು ಓದಿಯೇ ಅಕ್ಕಿ ಕೊಳ್ಳುತ್ತಾರೆ.

ಗದ್ದೆಯಾದ ಎರೆಯಲ್ಲಿ ಏನಾಯಿತು ನೋಡಿ. ಜುಲೈಯಿಂದ ಡಿಸೆಂಬರಿನವರೆಗೆ ಒಂದು ಬೆಳೆ, ನೀರು ಸಿಕ್ಕರೆ ಜನವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು. ನೆಲ ಖಾಲಿ ಇರುವ ಕಾಲವೇ ಇಲ್ಲ. ನಿಂತ ನೀರಿನಲ್ಲಿ ಎರೆಭೂತ ಮೊಟ್ಟೆ ಇಡಲಾರದು, ಕುರಿ ಮಂದೆ ತಂಗಲಾರದು, ತೋಳ ಮರಿ ಹಾಕಲಾರದು. ಬದುಗಳು ಕಿರಿದಾದವು, ಬದುವಿನ ಬಾರಿ ಗಿಡ, ಬನ್ನಿ ಮರ ಹೋದವು. ಕಾಲುವೆ ಸಿಗದ ಹೊಲಗಳವರು ಹತ್ತಿ, ಮೆಣಸಿನಕಾಯಿಗೆ ಹೋದರು, ಅಲ್ಲಿ ಔಷಧ ಹೊಡೆಯುವುದು ವಾರದ ಕೆಲಸವಾಯಿತು. ಮಿಡತೆ ಸತ್ತರೆ ಅದನ್ನು ತಿನ್ನುವ ಹಕ್ಕಿ ಎಲ್ಲಿಂದ ಬರಬೇಕು?

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೆ.ಜಿ. ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಗದ್ದೆಗೆ ಹೋಗಬೇಕು. ನಿಮ್ಮ ಮನೆಗೆ ಬರುವ 25 ಕೆ.ಜಿ. ಅಕ್ಕಿ ಚೀಲಕ್ಕೆ ಸುಮಾರು 38 ಕೆ.ಜಿ. ಭತ್ತ ಬೇಕು. ಗುಣಿಸಿದರೆ 95 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ಹತ್ತಿರ ಹತ್ತಿರ 16 ಟ್ಯಾಂಕರ್, ಒಂದು ಚೀಲಕ್ಕೆ. ಅದರಲ್ಲಿ ಒಂದಷ್ಟು ನೀರು ಇಂಗಿ ಹಳ್ಳಕ್ಕೆ, ಹೊಳೆಗೆ ಮರಳುತ್ತದೆ, ನಿಜ. ಆದರೆ ಮರಳುವಾಗ ಯೂರಿಯಾ, ಔಷಧವನ್ನು ಹೊತ್ತುಕೊಂಡು ಮರಳುತ್ತದೆ. ಆ ಹೊಳೆಯಲ್ಲಿ ಯಾರಿದ್ದಾರೆ ಗೊತ್ತೆ? ನೀರುನಾಯಿಗಳಿದ್ದಾವೆ. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿದೆ. ಹಂಪಿಗೆ ಹೋದಾಗ ಬೆಳಗಿನ ಹೊತ್ತು ತೆಪ್ಪ ನಿಲ್ಲುವ ಕಡೆ ಸುಮ್ಮನೆ ಕೂತು ನೋಡಿ, ಬಂಡೆಗಳ ನಡುವೆ ಒಂದು ಕುಟುಂಬ ಮೀನು ಹಿಡಿಯುತ್ತಾ ಹೋಗುವುದು ಕಂಡೀತು.

ನೀರು ಹೆಚ್ಚಾದ ಎರೆಗೂ ಸುಖವಿಲ್ಲ. ಬಸಿದುಹೋಗದೆ ನಿಂತ ನೀರು ಆಳದ ಉಪ್ಪನ್ನು ಮೇಲಕ್ಕೆ ತರುತ್ತದೆ. ನಮ್ಮೂರಿನ ತಗ್ಗಿನ ಹೊಲಗಳಲ್ಲಿ ಬೇಸಿಗೆಗೆ ನೆಲ ಬೆಳ್ಳಗೆ ಉಪ್ಪು ಕಾರುತ್ತದೆ. ಸವಳು ಜವಳು ಅನ್ನುತ್ತೇವಲ್ಲ, ಅದು. ಭತ್ತದ ನೆಲವೇ ಕೊನೆಗೆ ಭತ್ತಕ್ಕೂ ಬಾರದಂತೆ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ. ಜೊತೆಗೆ ನಿಂತ ನೀರಿನ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಮನುಷ್ಯರ ಚಟುವಟಿಕೆಯಿಂದ ಜಗತ್ತಿನಲ್ಲಿ ಹೊರಬೀಳುವ ಮೀಥೇನಿನಲ್ಲಿ ಭತ್ತದ ಗದ್ದೆಗಳ ಪಾಲು ನೂರಕ್ಕೆ 8ರಿಂದ 10. ಜಲಾಶಯವೂ ಮೊದಲಿನಂತಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯ ಬರಿದಾಗುವುದನ್ನು ನೋಡಿ ನಮ್ಮ ಜಿಲ್ಲೆಯವರಿಗೆ ನಿದ್ದೆ ಬಂದಿರಲಿಲ್ಲ. ಒಂದು ಗೇಟಿನ ಸರಪಳಿಗೆ ಇಷ್ಟು ಊರುಗಳ ಅನ್ನ ಜೋತುಬಿದ್ದಿತ್ತು.

ಗದ್ದೆಯಿಂದ ಯಾವ ಜೀವಿಗೂ ಒಳ್ಳೆಯದಾಗಿಲ್ಲ ಅಂದರೆ ಸುಳ್ಳಾದೀತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಬಣ್ಣದ ಕೊಕ್ಕರೆಗಳು ಅಲ್ಲಿ ಸಂಸಾರ ಹೂಡುತ್ತವೆ. ಗದ್ದೆಯಲ್ಲಿ ಬೆಳ್ಳಕ್ಕಿಗೆ ಊಟವಿದೆ. ಅದೇ ವರ್ಷ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯ ಕಥೆ ಮಾತ್ರ ಬೇರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ತೇಲಿ, ಇಳಿಹೊತ್ತಿಗೆ ಎದ್ದು ಸುತ್ತಲ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಅಷ್ಟು ದೂರದಿಂದ ಅವು ನಂಬಿಕೊಂಡು ಬರುವುದು ನಮ್ಮ ಒಣ ಬೇಸಾಯವನ್ನು. ಕೊಕ್ಕರೆ, ಬೆಳ್ಳಕ್ಕಿಗಳಿಗೆ ನೂರು ಕಡೆ ಜಾಗವಿದೆ. ಎರೆಭೂತಕ್ಕೆ ಇದ್ದದ್ದು ಇದೊಂದೇ.

ಧಾಮ ಮಾಡಿದರೆ ಸಾಲದೇ ಅಂತ ಕೇಳಬಹುದು. ರಾಣೆಬೆನ್ನೂರಿನಲ್ಲಿ ಮಾಡಿ ನೋಡಿದ್ದೇವೆ. 1974ರಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗ, ಎರೆಭೂತಗಳಿಗೆ ಅಭಯಾರಣ್ಯ ಮಾಡಲಾಯಿತು. ಆದರೆ ಅಲ್ಲಿನ ಬಯಲಿನಲ್ಲಿ ನೀಲಗಿರಿ ನೆಟ್ಟಿದ್ದರು. ಮರವಿದ್ದರೆ ಕಾಡು, ಮರವಿಲ್ಲದಿದ್ದರೆ ಪಾಳು ಎಂಬ ನಂಬಿಕೆ ಅಷ್ಟು ಗಟ್ಟಿ. ಚಿಗರಿಗಳು ಹೇಗೋ ಹೊಂದಿಕೊಂಡು ಸಾವಿರಾರು ಆದವು. ಎರೆಭೂತ ಅಲ್ಲಿಂದ ಕಾಲು ತೆಗೆಯಿತು.

ಈಗ ತಟ್ಟೆಯ ಮಾತು. ಜೋಳವನ್ನು ಸೋಲಿಸಿದ್ದು ಕಾಲುವೆ ಒಂದೇ ಅಲ್ಲ, ನಮ್ಮ ಒಲೆಯೂ ಹೌದು. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 180 ಲಕ್ಷ ಹೆಕ್ಟೇರಿನಲ್ಲಿ ಜೋಳವಿತ್ತು, ಈಗ 40 ಲಕ್ಷದ ಆಸುಪಾಸು. ನಾನು ಚಿಕ್ಕವನಿದ್ದಾಗ ಅನ್ನ ಅಂದರೆ ಅಮಾವಾಸ್ಯೆ, ಹುಣ್ಣಿಮೆ, ನೆಂಟರು. ಅನ್ನ ಉಣ್ಣುವವರು ದೊಡ್ಡವರು ಎಂಬ ಭಾವ ನಮ್ಮೊಳಗೆ ಇತ್ತು. ಶಾಲೆಗೆ ಬುತ್ತಿಯಲ್ಲಿ ರೊಟ್ಟಿ ಒಯ್ಯಲು ನಾಚಿದ್ದು ನನಗೆ ನೆನಪಿದೆ. ಆಮೇಲೆ ಪಡಿತರದ ಅಕ್ಕಿ ಬಂತು. ಬಡವರ ಮನೆಯ ಹಸಿವನ್ನು ಅದು ನೀಗಿಸಿತು. ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಕಾರಣವನ್ನು ಗಂಡಸರು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮವ್ವ ಬೆಳಗಿನ ನಾಲ್ಕೂವರೆಗೆ ಎದ್ದು ಹನ್ನೆರಡು ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು. ಹೊಗೆ, ಬೆಂಕಿ, ಕುದಿಯುವ ನೀರಿನಲ್ಲಿ ನಾದುವ ಹಿಟ್ಟು. ಸುಗ್ಗಿಯಲ್ಲಿ ಬಿರುಕು ಬಿಟ್ಟ ಎರೆಯಲ್ಲಿ ಬಗ್ಗಿ ಜೋಳದ ದಂಟು ಕೀಳುವುದರಲ್ಲೂ ಅವಳೇ ಮುಂದೆ. ಮನೆಗೆ ಕುಕ್ಕರ್ ಬಂದ ದಿನ ಅವಳು ಹೊತ್ತೇರುವವರೆಗೆ ಮಲಗಿದಳು. ಅಕ್ಕಿ ಗೆದ್ದದ್ದಕ್ಕೆ ನಮ್ಮವ್ವನ ರಟ್ಟೆಯ ನೋವೂ ಕಾರಣ. ಪರಿಸರದ ಹೆಸರಿನಲ್ಲಿ "ಮತ್ತೆ ರೊಟ್ಟಿ ತಿನ್ನೋಣ" ಅನ್ನುವವರು ಬಡಿಯುವವರು ಯಾರು ಅಂತ ಮೊದಲು ಹೇಳಬೇಕು.

ರೈತನ ಕಡೆಯ ಲೆಕ್ಕ ಇನ್ನೂ ಸರಳ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಕಾಗದದ ಮೇಲೆ ಜೋಳ ಮುಂದಿದೆ. ಆದರೆ ಮಳೆ ನಂಬಿದ ಹಿಂಗಾರಿ ಜೋಳ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಪುಣ್ಯ, ಕಾಲುವೆಯ ಭತ್ತ ಇಪ್ಪತ್ತು ದಾಟುತ್ತದೆ. ಖರ್ಚು ಎಷ್ಟೇ ಕಳೆದರೂ ಈ ಅಂತರ ತುಂಬುವುದಿಲ್ಲ. ಎರೆಭೂತವನ್ನು ಉಳಿಸುವ ಭಾರವನ್ನು ನಾಲ್ಕು ಕ್ವಿಂಟಲ್ ಬೆಳೆಯುವವನ ತಲೆಗೆ ಕಟ್ಟಿ ನಾವು ನಗರದಲ್ಲಿ ಕೂರುವುದು ನ್ಯಾಯವಲ್ಲ. ಅವನ ಹೊಲದಲ್ಲಿ ಹಕ್ಕಿ ಮೊಟ್ಟೆ ಇಟ್ಟರೆ ಅದಕ್ಕೆ ಬೇರೆಯೇ ಹಣ ಕೊಡಬೇಕು, ಬೆಳೆದ ಜೋಳವನ್ನು ಪೂರ್ತಿ ಕೊಳ್ಳಬೇಕು. ಕೊಂಡರೆ ಬೆಳೆಯುತ್ತಾರೆ. ಎರಡನೇ ಬೆಳೆಗೆ ನೀರಿಲ್ಲದ ವರ್ಷಗಳಲ್ಲಿ ನಮ್ಮ ಸಿಂಧನೂರಿನವರೇ ಜೋಳ ಹಾಕಿ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲಿಸಿದ್ದನ್ನು ನೀವೇ ನೋಡಿದ್ದೀರಿ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬಿಟ್ಟೆ.

ಎರಡನೇ ಸಾಲಿನ ಒಬ್ಬ ಹುಡುಗ ಎದ್ದು, "ಹಂಗಾರ ಅನ್ನ ಬಿಡಬೇಕೇನ್ರೀ ಸರ?" ಅಂದ. ಬಿಡಬೇಡಿ. ನಮ್ಮಪ್ಪನ ಅರ್ಧ ಹೊಲ ಇವತ್ತಿಗೂ ಗದ್ದೆ. ಮೂರು ಹೊತ್ತೂ ಅನ್ನವಾದದ್ದರಲ್ಲಿ ಒಂದು ಹೊತ್ತನ್ನು ರೊಟ್ಟಿಗೆ ಮರಳಿ ಕೊಡಿ ಅನ್ನುವುದಷ್ಟೇ ನನ್ನ ಕೋರಿಕೆ. ಭತ್ತ ಬೆಳೆಯುವವರೂ ನಾಟಿ ಬಿಟ್ಟು ಕೂರಿಗೆಯಲ್ಲಿ ಬಿತ್ತಿದರೆ, ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ಮತ್ತೆ ನೀರು ಕಟ್ಟಿದರೆ ನೀರೂ ಉಳಿಯುತ್ತದೆ, ಮೀಥೇನೂ ಇಳಿಯುತ್ತದೆ.

ಹಿಂದಿನ ಸಾಲಿನ ಹುಡುಗಿಯ ಪ್ರಶ್ನೆ ನನ್ನನ್ನು ಹೆಚ್ಚು ಹೊತ್ತು ಕಾಡಿತು. "ಸರ, ಚಿಗರಿ ಹಿಂಡು ಬಂದ್ರ ಒಂದು ರಾತ್ರಿಗೆ ಕಡ್ಲಿ ಹೊಲ ಮೇದು ಹೋಗ್ತಾವ್ರಿ. ನಮ್ಮಪ್ಪ ಎರಡು ತಿಂಗಳು ಹೊಲದಾಗ ಮಲಗ್ತಾನ. ನಮಗ ಅವು ಬೇಕು ಅನಸಂಗಿಲ್ರಿ." ಅವಳಿಗೆ ನಾನು ಕೊಡಬಲ್ಲ ಉತ್ತರ ಒಂದೇ: ನಿಮ್ಮಪ್ಪನ ಸಿಟ್ಟು ಸರಿಯಾದದ್ದು. ಚಿಗರಿ ಮೇಯುತ್ತಿದ್ದ ಗಾಯರಾಣ ಉಳಿದಿದ್ದರೆ ಅವು ನಿಮ್ಮ ಕಡಲೆಗೆ ಇಷ್ಟು ಬರುತ್ತಿರಲಿಲ್ಲ. ಪರಿಹಾರದ ಅರ್ಜಿ ತಿಂಗಳುಗಟ್ಟಲೆ ಕಚೇರಿಯಲ್ಲಿ ಕೂರದೆ ಬೆಳೆ ಹೋದ ವಾರದಲ್ಲೇ ದುಡ್ಡು ಬಂದರೆ ನಿಮ್ಮಪ್ಪ ಮನೆಯಲ್ಲಿ ಮಲಗಬಹುದು. ಆ ದುಡ್ಡಿಗಾಗಿ ಹೋರಾಡುವುದೂ ವನ್ಯಜೀವಿ ಸಂರಕ್ಷಣೆಯೇ.

ಕೊನೆಗೆ ಜೇಬಿನಲ್ಲಿದ್ದ ಪ್ರಶ್ನೆ ತೆಗೆದೆ. ಅಡುಗೆ ಮನೆಯ ಅಮ್ಮನವರನ್ನೂ ಕರೆಸಿಕೊಂಡು ಬೋರ್ಡಿನ ಮೇಲೆ ಲೆಕ್ಕ ಬರೆದೆವು. ಮುನ್ನೂರು ಮಂದಿ, ತಲೆಗೆ ಎರಡು ರೊಟ್ಟಿ, ದಿನಕ್ಕೆ 600. ಕೆ.ಜಿ. ಹಿಟ್ಟಿಗೆ 15 ರೊಟ್ಟಿ ಅಂತ ಅವರೇ ಹೇಳಿದರು, ಅಂದರೆ ದಿನಕ್ಕೆ 40 ಕೆ.ಜಿ. ಹಾಸ್ಟೆಲ್ ನಡೆಯುವುದು ವರ್ಷಕ್ಕೆ ಸುಮಾರು 40 ವಾರ. ದಿನವೂ ಮಾಡಿದರೆ 112 ಕ್ವಿಂಟಲ್. ಎಕರೆಗೆ ನಾಲ್ಕರಂತೆ 28 ಎಕರೆ ಎರೆ ಹೊಲ. ಸಭೆ ಒಂದು ಕ್ಷಣ ಸುಮ್ಮನಾಯಿತು. ಇದೊಂದು ಹಾಸ್ಟೆಲ್ ಮನಸ್ಸು ಮಾಡಿದರೆ 28 ಎಕರೆ.

"ದಿನಾ ಆಗಂಗಿಲ್ರಿ," ಅಂದರು ಅಮ್ಮನವರು. "ನಮ್ಮೂರಾಗ ಹತ್ತು ಮಂದಿ ಹೆಣ್ಮಕ್ಳು ಅದಾರ, ಖಡಕ್ ರೊಟ್ಟಿ ಮಾಡಿ ಅಂಗಡಿಗೆ ಕೊಡ್ತಾರ. ರೊಟ್ಟಿಗೆ ಏಳು ರೂಪಾಯಿ ಅಂದ್ರ ನಿಮಗೂ ಕೊಡ್ತಾರ. ದುಡ್ಡು ಮಾತ್ರ ವಾರಕ್ಕ ವಾರ ಕೊಡಬೇಕು, ತಡ ಮಾಡಬಾರ್ದು. ವಾರಕ್ಕ ಎರಡು ದಿನದಿಂದ ಸುರು ಮಾಡ್ರಿ."

ವಾರಕ್ಕೆ ಎರಡು ದಿನ ಅಂದರೆ 32 ಕ್ವಿಂಟಲ್, ಎಂಟು ಎಕರೆ. ಎಂಟು ಎಕರೆಗೆ ಎರೆಭೂತ ಬರುವುದಿಲ್ಲ. ಪುರಲೆ ಬರುತ್ತದೆ, ಗೌಜಿಗ ಬರುತ್ತದೆ, ಸುಗ್ಗಿಯ ಮೇಲೆ ಒಂದು ಕುರಿ ಮಂದೆ ಬಂದು ನಿಲ್ಲುತ್ತದೆ. ಚಿಗರಿಯ ಪ್ರಶ್ನೆ ಕೇಳಿದ್ದ ಹುಡುಗಿ, "ನಮ್ಮಪ್ಪಂದು ಆರು ಎಕರೆ ಎರಿ ಐತ್ರಿ" ಅಂದಳು. ವಾರ್ಡನ್ ಡೈರಿ ತೆಗೆದು ಅವಳ ಊರಿನ ಹೆಸರು ಕೇಳಿ ಬರೆದುಕೊಂಡರು. ಕೆಳಗೆ 'ಮಂಗಳವಾರ, ಶುಕ್ರವಾರ' ಅಂತ ಬರೆದದ್ದು ನನಗೆ ಕಂಡಿತು.